ನಡೆದು ಹೋಗುವಷ್ಟು ದೂರ

(ದೇವಾಲಯದ ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ನಾವು ಮಾತನಾಡಬೇಕೆಂಬುದು ಸಮಿತಿಯವರ ಅಪೇಕ್ಷೆಯಾಗಿತ್ತು. ಆ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಅದನ್ನು ಸ್ಮರಣ ಸಂಚಿಕೆಗೆ ಈಗಾಗಲೇ ಬರೆದುಕೊಟ್ಟಿದ್ದಾರೆ. ಅವರು ಬರೆದುದನ್ನೇ ನಾವು ಮತ್ತೊಮ್ಮೆ ಹೇಳಿದರೆ ನಿಮಗೆ ಊಟಕ್ಕೆ ತಡವಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಆದುದರಿಂದ ಅವರ ಅನುಮತಿ ಪಡೆದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಮನುಷ್ಯನು ಎಂತಹ ನೆರೆಹೊರೆಯಲ್ಲಿ ಮನೆ ಮಾಡಿಕೊಳ್ಳಬೇಕು ಎಂಬುದೇ ಆ ವಿಷಯ.

ಇದು ಗುರುಗಳು ಮಾತನಾಡುವ ವಿಷಯವೇ ಎಂದು ನಿಮಗೆ ಅನ್ನಿಸಬಹುದು. ನಾವು ಜನ್ಮದಲ್ಲಿ ಮನೆ ಕೊಂಡವರಲ್ಲ, ಕಟ್ಟಿದವರೂ ಅಲ್ಲ. ಬಿಷಪರು ಕಳುಹಿಸಿದ ಕಡೆ ಪೆಟ್ಟಿಗೆ ಇಳಿಸಿದವರು. ಆದರೂ ಕಳೆದ ಹತ್ತು ವರ್ಷಗಳಲ್ಲಿ ನಮ್ಮ ತರುಣ ತರುಣಿಯರು ನಮ್ಮನ್ನು ಅತಿ ಹೆಚ್ಚಾಗಿ ಕೇಳಿರುವ ಪ್ರಶ್ನೆ ವಿಶ್ವಾಸಕ್ಕಾಗಲಿ ನೀತಿಗಾಗಲಿ ಸಂಬಂಧಿಸಿದುದಲ್ಲ. "ಸ್ವಾಮಿ, ಬೆಂಗಳೂರಿನಲ್ಲಿ ಮನೆ ತೆಗೆದುಕೊಳ್ಳಬೇಕೆಂದಿದ್ದೇವೆ. ಯಾವ ಕಡೆ ಒಳ್ಳೆಯದು?" ಎಂಬುದೇ ಆ ಪ್ರಶ್ನೆ. ಕಾಫಿಯ ಬೆಲೆ ಏರಿದ ವರ್ಷ ಈ ಪ್ರಶ್ನೆಯೂ ಏರುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ಊರಿನ ದಂಪತಿಗಳಿಬ್ಬರು ಬೆಂಗಳೂರಿನ ಹೊರವಲಯದಲ್ಲಿ ಕೊಂಡ ಹೊಸ ಮನೆಯನ್ನು ಆಶೀರ್ವದಿಸಲು ನಮ್ಮನ್ನು ಕರೆಸಿಕೊಂಡರು. ಹದಿನಾಲ್ಕು ಅಂತಸ್ತಿನ ಕಟ್ಟಡ. ಅವರದು ಒಂಬತ್ತನೆಯ ಅಂತಸ್ತು. ಮನೆ ಸುಂದರವಾಗಿತ್ತು, ಗಾಳಿ ಬೆಳಕು ಧಾರಾಳವಾಗಿತ್ತು. ತೀರ್ಥ ಪ್ರೋಕ್ಷಣೆ ಮುಗಿದ ಮೇಲೆ, ಪ್ರಾರ್ಥನೆಗೆ ನೆರೆಯವರನ್ನು ಕರೆದಿಲ್ಲವೇ ಎಂದು ಕೇಳಿದೆವು. ಎದುರು ಬಾಗಿಲಿನವರ ಹೆಸರು ಆ ಮನೆಯವರಿಗೆ ಗೊತ್ತಿರಲಿಲ್ಲ. ದೇವಾಲಯ ಎಷ್ಟು ದೂರ ಎಂದೆವು. ಒಂಬತ್ತು ಕಿಲೋಮೀಟರು, ಭಾನುವಾರವಾದರೆ ಅರ್ಧ ಗಂಟೆ, ಉಳಿದ ದಿನ ಹೇಳಲಾಗದು ಎಂದರು. ಸಂಜೆ ನಮ್ಮ ಹಳೆಯ ಅಭ್ಯಾಸದಂತೆ ಜಪಸರ ಹಿಡಿದು ಸ್ವಲ್ಪ ಅಡ್ಡಾಡಿ ಬರೋಣವೆಂದು ಕೆಳಗಿಳಿದರೆ, ಹೆಬ್ಬಾಗಿಲಿನಲ್ಲಿದ್ದ ಕಾವಲುಗಾರನು ನಮ್ಮನ್ನು ತಡೆದು, "ಎಲ್ಲಿಗೆ ಹೋಗುತ್ತೀರಿ? ಕಾರು ಬರಲಿಲ್ಲವೇ?" ಎಂದು ಕೇಳಿದನು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯಲು ಎಂದೆವು. ಅವನು ಹೊರಗಿನ ರಸ್ತೆಯನ್ನು ತೋರಿಸಿ ನಕ್ಕನು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ತೆರೆದ ಚರಂಡಿಯೂ ಲಾರಿಗಳ ಸಾಲೂ ಇದ್ದವು. ನಾವು ಹಿಂದಿರುಗಿ ಕಟ್ಟಡದ ಸುತ್ತಲೇ ಹನ್ನೊಂದು ಸುತ್ತು ಹಾಕಿ ಜಪಸರ ಮುಗಿಸಿದೆವು.

ಈ ದಂಪತಿಗಳನ್ನು ನಾವು ದೂರುತ್ತಿಲ್ಲ. ಅವರ ಸಂಬಳಕ್ಕೆ ನಿಲುಕಿದ್ದು ಅಷ್ಟೇ. ಆದರೆ ಮಾರನೆಯ ದಿನ ಊರಿಗೆ ಹೊರಡುವ ಮುನ್ನ ನಾವು ಒಂದು ಸ್ವಾರ್ಥದ ಕೆಲಸ ಮಾಡಿದೆವು. ಮಲ್ಲೇಶ್ವರಕ್ಕೆ ಹೋಗಿ ಅರ್ಧ ದಿನ ನಡೆದಾಡಿದೆವು.

1980ರ ದಶಕದಲ್ಲಿ ಗುರುಪಟ್ಟಕ್ಕೆ ಸಿದ್ಧರಾಗುತ್ತಿದ್ದಾಗ ನಾವು ಮಲ್ಲೇಶ್ವರದ ಪಶ್ಚಿಮದಂಚಿನಲ್ಲಿರುವ ಸಂತ ಪೇತ್ರರ ಗುರುಮಠದಲ್ಲಿ ವಾಸವಾಗಿದ್ದೆವು. ಗುರುವಾರ ಮಧ್ಯಾಹ್ನ ನಮಗೆ ಬಿಡುವು. ಕೈಯಲ್ಲಿ ಕಾಸಿರಲಿಲ್ಲ, ಆದುದರಿಂದ ನಡಿಗೆಯೇ ನಮ್ಮ ವಿನೋದ. ಮೂವರು ನಾಲ್ವರು ಕೂಡಿ ಹೊರಟರೆ ಹದಿನೆಂಟನೆಯ ಅಡ್ಡರಸ್ತೆಯಿಂದ ಎಂಟನೆಯ ಅಡ್ಡರಸ್ತೆಯವರೆಗೆ ಒಂದು ದಿನ ಸಂಪಿಗೆ ರಸ್ತೆಯಲ್ಲಿ, ಇನ್ನೊಂದು ದಿನ ಅದಕ್ಕೆ ಸಮಾನಾಂತರವಾಗಿರುವ ಮಾರ್ಗೋಸಾ ರಸ್ತೆಯಲ್ಲಿ ಹೋಗುತ್ತಿದ್ದೆವು. ಮಾರ್ಗೋಸಾ ಎಂದರೆ ಬೇವು. ಸಂಪಿಗೆಯೂ ಬೇವೂ ಅಕ್ಕಪಕ್ಕದಲ್ಲಿರುವ ಊರು ಮನುಷ್ಯ ಜೀವನಕ್ಕೆ ಸಮೀಪವಾದುದೆಂದು ನಮ್ಮ ಸಹಪಾಠಿಯೊಬ್ಬರು ಪ್ರಸಂಗದ ಅಭ್ಯಾಸದಲ್ಲಿ ಹೇಳಿ ಪ್ರಾಧ್ಯಾಪಕರಿಂದ ಬೈಸಿಕೊಂಡಿದ್ದರು. ಎಂಟನೆಯ ಅಡ್ಡರಸ್ತೆಯಲ್ಲಿ ಹೂವು, ಹಣ್ಣು, ಪಾತ್ರೆ, ಬಟ್ಟೆ. ಗೌರಿ ಗಣೇಶ ಹಬ್ಬದ ಹಿಂದಿನ ದಿನ ಅಲ್ಲಿ ಭುಜಕ್ಕೆ ಭುಜ ತಾಗದೆ ನಡೆಯುವಂತಿರಲಿಲ್ಲ. ಕಾಸಿದ್ದ ಅಪರೂಪದ ದಿನ ಬೆಣ್ಣೆ ದೋಸೆ. ಇಲ್ಲದ ದಿನ ಸ್ಯಾಂಕಿ ಕೆರೆಯ ದಂಡೆ.

ನಮ್ಮ ಪಾದರಕ್ಷೆಗಳನ್ನು ಹೊಲಿದುಕೊಡುತ್ತಿದ್ದ ವೃದ್ಧರೊಬ್ಬರು ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಅವರಿಗೆ ನಮ್ಮ ಹೆಸರುಗಳು ತಿಳಿದಿರಲಿಲ್ಲ, ಚಪ್ಪಲಿಗಳು ತಿಳಿದಿದ್ದವು. ಒಮ್ಮೆ ನಮ್ಮನ್ನು ನಿಲ್ಲಿಸಿ, "ಎಡಗಾಲಿನ ಹಿಮ್ಮಡಿ ಸವೆಸುವ ಆ ಎತ್ತರದ ಬ್ರದರು ಮೂರು ವಾರದಿಂದ ಕಾಣಲಿಲ್ಲವಲ್ಲ" ಎಂದರು. ನಮ್ಮ ಆ ಸಹೋದರರು ವಿಷಮಶೀತ ಜ್ವರದಿಂದ ಮಲಗಿದ್ದರು. ಮುಂದಿನ ಗುರುವಾರ ಹೋದಾಗ ಆ ವೃದ್ಧರು ಎರಡು ಮೋಸಂಬಿ ಹಣ್ಣುಗಳನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಕ್ರೈಸ್ತ ಸಮುದಾಯದ ವಿಷಯವಾಗಿ ನಾವು ಆ ಏಳೆಂಟು ವರ್ಷಗಳಲ್ಲಿ ಓದಿದ ಪುಸ್ತಕಗಳು ಅನೇಕ. ಅವುಗಳ ಪೈಕಿ ಎಷ್ಟೋ ಮರೆತುಹೋಗಿವೆ, ಮೋಸಂಬಿ ಮರೆತಿಲ್ಲ.

ಈ ಮಲ್ಲೇಶ್ವರ ಹುಟ್ಟಿದ ಬಗೆಯನ್ನು ನೀವು ತಿಳಿಯಬೇಕು. ಹೆಸರು ಬಂದದ್ದು ಕಾಡು ಮಲ್ಲೇಶ್ವರ ದೇವಸ್ಥಾನದಿಂದ. ಶಿವಾಜಿಯ ಸಹೋದರ ಏಕೋಜಿಯು ಆ ದೇವಸ್ಥಾನಕ್ಕೆ ಹಳ್ಳಿಯೊಂದನ್ನು ದತ್ತಿ ಕೊಟ್ಟ 1669ರ ಶಾಸನವಿದೆ. ಆಗ ಅದು ನಿಜವಾಗಿ ಕಾಡೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಹಳೆಯ ಪೇಟೆ ಗಾಳಿಯಾಡದಷ್ಟು ಕಿಕ್ಕಿರಿದಿತ್ತು. 1898ರ ಆಗಸ್ಟಿನಲ್ಲಿ ಪ್ಲೇಗು ಬಂತು. ಜನ ಸತ್ತರು, ಉಳಿದವರು ಬಯಲಿನಲ್ಲಿ ಗುಡಿಸಲು ಹಾಕಿದರು. ಶೇಷಾದ್ರಿ ಅಯ್ಯರ್ ಅವರು ಆಗ ಮೈಸೂರಿನ ದಿವಾನರು; ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರು. ಪೇಟೆಯ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎಂಬ ಎರಡು ಬಡಾವಣೆಗಳು ಭರದಿಂದ ಬೆಳೆದದ್ದು ಆ ವಿಪತ್ತಿನ ನಂತರ. ದಂಡಿನ ಕಡೆ ಫ್ರೇಜರ್ ಟೌನ್ ಎದ್ದುದೂ, 1910ರ ಸುಮಾರಿಗೆ, ಪ್ಲೇಗಿನ ಭಯದಿಂದಲೇ. ಇಲಿಗಳು ಬಿಲ ತೋಡದಂತೆ ಮನೆಗಳ ತಳವನ್ನು ಕಟ್ಟುವ ಯೋಜನೆ ಅದಾಗಿತ್ತು. ಅದರ ಪಕ್ಕದ ಕ್ಲೀವ್‌ಲೆಂಡ್ ಟೌನಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಮಹಾದೇವಾಲಯವಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ.

ಆ ಬಡಾವಣೆಗಳನ್ನು ಯೋಜಿಸಿದವರು ನಮಗಿಂತ ಬುದ್ಧಿವಂತರಾಗಿದ್ದರೆಂದು ನಾವು ಹೇಳುವುದಿಲ್ಲ. ಅವರ ಕಾಲಕ್ಕೆ ಇಲ್ಲಿ ಮೋಟಾರುಗಳಿರಲಿಲ್ಲ; ಕಾಲುಗಳಿದ್ದವು, ಜಟಕಾ ಇತ್ತು, ಅಷ್ಟೆ. ಹೆಂಗಸೊಬ್ಬಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಪೇಟೆ ಬೀದಿಗೆ ಹೋಗಿ ಒಲೆಯ ಮೇಲಿನ ಬೇಳೆ ಬೇಯುವುದರೊಳಗೆ ಹಿಂದಿರುಗುವಂತಿರಬೇಕು. ಮುದುಕನು ಕೋಲೂರಿಕೊಂಡು ವೈದ್ಯರ ಬಳಿ ಹೋಗುವಂತಿರಬೇಕು. ಮಕ್ಕಳು ತಾವಾಗಿಯೇ ಶಾಲೆ ಸೇರುವಂತಿರಬೇಕು. ಆದುದರಿಂದ ಉದ್ದಕ್ಕೆ ಮುಖ್ಯ ರಸ್ತೆಗಳು, ಅಡ್ಡಕ್ಕೆ ಒತ್ತೊತ್ತಾಗಿ ಅಡ್ಡರಸ್ತೆಗಳು. ಒಂದು ಕಡೆ ದಾರಿ ಕಟ್ಟಿದರೆ ಮುಂದಿನ ತಿರುವಿನಲ್ಲಿ ಇನ್ನೊಂದು ದಾರಿ ಸಿಕ್ಕುತ್ತಿತ್ತು. ಮನೆಗಳಿಗೆ ಸೊಂಟದೆತ್ತರದ ಕಾಂಪೌಂಡು. ಒಳಗೆ ಜಗಲಿಯಲ್ಲಿ ಕುಳಿತವರಿಗೆ ಬೀದಿಯಲ್ಲಿ ಹೋಗುವವರ ಮುಖ ಕಾಣುತ್ತಿತ್ತು, ಬೀದಿಯವರಿಗೆ ಜಗಲಿಯವರ ಮುಖ ಕಾಣುತ್ತಿತ್ತು. ಮರದ ನೆರಳಿತ್ತು. ದೂರದೂರಿಗೆ ಹೋಗಬೇಕಾದವರಿಗೆ ಬಡಾವಣೆಯ ಮಗ್ಗುಲಲ್ಲಿಯೇ ರೈಲು ನಿಲ್ದಾಣವಿತ್ತು. ಪೇಟೆಯ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರುವಷ್ಟು ಸಮೀಪ, ಪೇಟೆಯ ರೋಗ ಮನೆ ಸೇರದಷ್ಟು ದೂರ. ಸರ್ ಸಿ.ವಿ. ರಾಮನ್ ಅವರ 'ಪಂಚವಟಿ' ಇರುವುದೂ ಮಲ್ಲೇಶ್ವರದಲ್ಲಿಯೇ. ಲೋಕಪ್ರಸಿದ್ಧರ ಮನೆಯ ಬೀದಿಯಲ್ಲಿಯೇ ಸೊಪ್ಪು ಮಾರುವವಳೂ ಕೂಗಿಕೊಂಡು ಹೋಗುತ್ತಿದ್ದಳು. ಈಚೆಗೆ ಪ್ಯಾರಿಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಎಂಬವರು, ಜೀವನಕ್ಕೆ ಬೇಕಾದುದೆಲ್ಲ ಹದಿನೈದು ನಿಮಿಷದ ನಡಿಗೆಯಲ್ಲಿ ಸಿಗಬೇಕೆಂಬ ತತ್ತ್ವವನ್ನು 2016ರಲ್ಲಿ ಪ್ರತಿಪಾದಿಸಿ ಲೋಕಪ್ರಸಿದ್ಧರಾಗಿದ್ದಾರೆಂದು ಓದಿದೆವು. ನಮ್ಮ ಚಪ್ಪಲಿ ಹೊಲಿಯುವ ಹಿರಿಯರು ಕೇಳಿದ್ದರೆ ಇದಕ್ಕೆ ಪ್ಯಾರಿಸು ಏಕೆ ಬೇಕಾಯಿತೆಂದು ಕೇಳುತ್ತಿದ್ದರು.

ಹಾಗೆಂದು ಹಳೆಯದೆಲ್ಲವನ್ನೂ ಪೂಜಿಸುವ ದೋಷಕ್ಕೆ ನಾವು ಒಳಗಾಗಬಾರದು. ಆ ಕಾಲದ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿ ಜಾತಿಗೆ ಬೇರೆ ಬೇರೆಯಾಗಿ ಹಂಚಿದ್ದುಂಟು. ಮನೆಗಳ ಹಿಂಬದಿಯಲ್ಲಿ 'ಕನ್ಸರ್ವೆನ್ಸಿ' ಎಂಬ ಕಿರುದಾರಿಗಳನ್ನು ಬಿಟ್ಟಿದ್ದರು. ಮಲ ಹೊರುವವನು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಆ ದಾರಿ. ಎಲ್ಲರೂ ನಡೆಯುವ ಊರು ಎಂದು ನಾವು ಹೊಗಳುವಾಗ, ಎಲ್ಲರೂ ಒಂದೇ ದಾರಿಯಲ್ಲಿ ನಡೆಯುವಂತಿರಲಿಲ್ಲ ಎಂಬುದನ್ನೂ ಹೇಳದಿದ್ದರೆ ಸುಳ್ಳಾಡಿದಂತಾಗುತ್ತದೆ. ಎರಡು ವರ್ಷಗಳ ಹಿಂದೆ ನೋಡಿದಾಗ ಅಂತಹ ಕಿರುದಾರಿಗಳಲ್ಲಿ ಕೆಲವೆಡೆ ಸ್ಕೂಟರುಗಳು ನಿಂತಿದ್ದವು, ಕೆಲವೆಡೆ ಗೋಡೆಗೆ ಚಿತ್ರ ಬರೆದಿದ್ದರು. ಚಿತ್ರಗಳು ಚೆನ್ನಾಗಿದ್ದವು. ಆದರೂ ಆ ದಾರಿಯಲ್ಲಿ ಬಕೆಟ್ಟು ಹೊತ್ತು ನಡೆದವರನ್ನು ನೆನೆದು ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತೆವು.

ಮಲ್ಲೇಶ್ವರವೂ ಬದಲಾಗಿದೆ. ಬಟ್ಟೆಯ ಗಿರಣಿಯಿದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಳಿಗೆ ತೆರೆಯಿತು. 2014ರಲ್ಲಿ ಸಂಪಿಗೆ ರಸ್ತೆಯವರೆಗೆ ಮೆಟ್ರೋ ಬಂತು. 2011ರಲ್ಲಿ ರಸ್ತೆ ಅಗಲಿಸಲೆಂದು ಸ್ಯಾಂಕಿ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ಅಲ್ಲಿಯ ನಿವಾಸಿಗಳು, ಮುದುಕ ಮುದುಕಿಯರೂ ಸೇರಿ, ಬೀದಿಗಿಳಿದು ಪ್ರತಿಭಟಿಸಿದ್ದರು. ಆ ಮರಗಳ ಕೆಳಗೆ ದಿನವೂ ನಡೆದವರಿಗೆ ಮಾತ್ರ ಅಷ್ಟು ಸಂಕಟವಾಗಲು ಸಾಧ್ಯ. ಕಾರಿನ ಕಿಟಕಿಯಿಂದ ಮರವೂ ಕಂಬವೂ ಒಂದೇ. ಇಂದು ಅಲ್ಲಿ ಮನೆ ಕೊಳ್ಳಲು ನಮ್ಮ ದಂಪತಿಗಳಂತಹವರಿಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ. ಒಂದು ಕಾಲದಲ್ಲಿ ಗುಮಾಸ್ತರಿಗೂ ಮೇಷ್ಟರಿಗೂ ಸಿಕ್ಕಿದ ಬೀದಿಗಳು ಈಗ ಕೋಟ್ಯಧೀಶರಿಗೆ ಮೀಸಲು. ನಡೆದಾಡುವ ಸುಖವು ಹಣವುಳ್ಳವರ ಭೋಗವಾದುದು ನಮ್ಮ ಕಾಲದ ವಿಪರೀತಗಳಲ್ಲೊಂದು.

ವೈಟ್‌ಫೀಲ್ಡಿನ ಕತೆ ಇನ್ನೂ ವಿಚಿತ್ರವಾದುದು. 1882ರಲ್ಲಿ ಮೈಸೂರಿನ ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಆ ಸಂಘದ ಪೂರ್ಣ ಹೆಸರಿನಲ್ಲಿ ಮೈಸೂರಿನೊಡನೆ ನಮ್ಮ ಕೊಡಗಿನ ಹೆಸರೂ ಸೇರಿತ್ತು. ನಡುವೆ ಹಸಿರು ಬಯಲು, ಸುತ್ತ ವೃತ್ತಾಕಾರದ ರಸ್ತೆ, ರಸ್ತೆಯ ಬದಿಗೆ ಹೆಂಚಿನ ಮನೆಗಳು. ಯಾರ ಮನೆಯಿಂದ ಯಾರ ಮನೆಗೂ ಕೂಗಳತೆ. ಇಂದು ವೈಟ್‌ಫೀಲ್ಡ್ ಎಂದರೆ ನಿಮ್ಮ ಮಕ್ಕಳಿಗೆ ನೆನಪಾಗುವುದು ಕಂಪ್ಯೂಟರ್ ಕಚೇರಿಗಳು ಮತ್ತು ಅಲುಗದೆ ನಿಂತ ವಾಹನಗಳ ಸಾಲು. ಆ ವೃತ್ತ ಈಗಲೂ ನಡುವೆ ಇದೆ. ಸುತ್ತಲೂ ಕಟ್ಟಿದವರು ಮಾತ್ರ ಅದನ್ನು ನೋಡಿ ಏನನ್ನೂ ಕಲಿಯಲಿಲ್ಲ.

ಇದೆಲ್ಲ ಬೆಂಗಳೂರಿನ ಮಾತಾಯಿತು, ಕಾವೇರಿ ದಡದ ನಮಗೇನು ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗುತ್ತಿರುವುದು ನಮಗೆ ಕೇಳಿಸುತ್ತಿದೆ. ದುಬಾರೆಯನ್ನು ದಾಟಿ ಹರಿದ ಈ ನೀರೇ ಮುಂದೆ ಹೋಗಿ, 1974ರಿಂದ, ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರ ಏರಿ ಬೆಂಗಳೂರಿನ ನಲ್ಲಿಗಳಲ್ಲಿ ಬೀಳುತ್ತಿದೆ. ನೀರಿನ ಹಿಂದೆಯೇ ನಮ್ಮ ಮಕ್ಕಳೂ ಹೋದರು. ಆದುದರಿಂದ ಇದು ನಮ್ಮದೇ ವಿಷಯ. ಆದರೂ ನೀವು ಕೇಳಿದ್ದು ನ್ಯಾಯವೇ. ಇನ್ನು ಊರಿಗೆ ಬರೋಣ.

'ಪ್ಯಾರಿಷ್' ಎಂಬ ಪದಕ್ಕೆ ಮೂಲ 'ಪರೋಯ್ಕಿಯಾ' ಎಂಬ ಗ್ರೀಕ್ ಪದ. 'ಪರಾ' ಎಂದರೆ ಬಳಿ, 'ಓಯ್ಕೋಸ್' ಎಂದರೆ ಮನೆ. ಪರಸ್ಥಳದಲ್ಲಿ ಬಿಡಾರ ಹೂಡಿ, ಒಬ್ಬರ ಬಳಿ ಒಬ್ಬರು ಮನೆ ಮಾಡಿಕೊಂಡಿರುವವರು ಎಂದು ಆದಿ ಕ್ರೈಸ್ತರು ತಮ್ಮನ್ನು ಕರೆದುಕೊಂಡ ಭಾವ ಅದರಲ್ಲಿದೆ. ಇಂದಿಗೂ ಧರ್ಮಸಭೆಯ ಕಾನೂನಿನಂತೆ ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ನೆಲದ ಎಲ್ಲೆಯೊಳಗೆ ವಾಸಿಸುವ ಎಲ್ಲ ವಿಶ್ವಾಸಿಗಳು. ಒಂದೇ ಅಭಿರುಚಿಯವರೋ ಒಂದೇ ಅಂತಸ್ತಿನವರೋ ಅಲ್ಲ. ಆದರೆ ನಮ್ಮ ಕನ್ನಡದ ಹಿರಿಯರು ಅದನ್ನು 'ವಿಚಾರಣೆ' ಎಂದರು. ಹೇಗಿದ್ದೀರಿ, ಏಕೆ ಕಾಣಲಿಲ್ಲ ಎಂದು ವಿಚಾರಿಸುವುದೇ ವಿಚಾರಣೆ. ಎಡಗಾಲಿನ ಹಿಮ್ಮಡಿ ಸವೆಸುವ ಬ್ರದರನ್ನು ವಿಚಾರಿಸಿದ ಆ ವೃದ್ಧರು, ಅವರು ಕ್ರೈಸ್ತರಲ್ಲದಿದ್ದರೂ, ಈ ಪದದ ಅರ್ಥವನ್ನು ನಮಗೆ ತಿಳಿಸಿದರು. ನಮ್ಮ ಪ್ರಭು ಯೆರೂಸಲೇಮಿನಲ್ಲಿ ಕಳೆದ ಕೊನೆಯ ವಾರದಲ್ಲಿ ಹಗಲೆಲ್ಲ ಆ ಮಹಾನಗರದಲ್ಲಿ ಬೋಧಿಸಿ ಸಂಜೆ ಬೆಥಾನಿಯಕ್ಕೆ ಹಿಂದಿರುಗುತ್ತಿದ್ದರು. ಹದಿನೈದು ಸ್ತಾದಿಯ ದೂರ ಎಂದು ಸಂತ ಯೊವಾನ್ನರು ಅಳೆದು ಹೇಳಿದ್ದಾರೆ. ಮೂರು ಕಿಲೋಮೀಟರಿಗೂ ಕಡಿಮೆ. ನಗರದ ಬಗಲಿನ ಆ ಊರಿನಲ್ಲಿ ಮಾರ್ತಳ ಅಡಿಗೆಮನೆಯೂ ಲಾಜರನ ಸ್ನೇಹವೂ ಇದ್ದವು.

ನಮ್ಮ ಕೊಡಗಿನಲ್ಲಿ ಬೀದಿಯುಳ್ಳ ಊರುಗಳು ಕಡಿಮೆ. ಐನ್‌ಮನೆಗಳು ಗದ್ದೆಯ ಅಂಚಿಗೆ ಒಂದೊಂದಾಗಿ ನಿಂತಿವೆ; ತೋಟದ ಲೈನುಮನೆಗಳು ಕಾಫಿ ಗಿಡಗಳ ನಡುವೆ ಅಡಗಿವೆ. 1792ರಲ್ಲಿ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ ನೆಲೆಯಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಂತೆ, ಪೇಟೆಯ ನಡುವೆ ಗಂಟೆಯ ದನಿ ಎಲ್ಲ ಮನೆಗೂ ಕೇಳುವ ಭಾಗ್ಯ ನಮ್ಮದಲ್ಲ. ಆದರೂ ನಮ್ಮವರು ನಡೆದರು. ಎರಡು ಬದಿಗೆ ದಿಣ್ಣೆಯುಳ್ಳ ಓಣಿಗಳಲ್ಲಿ, ಜಿಗಣೆ ಕೀಳುತ್ತ, ಕೊಡೆ ಹಿಡಿದು, ಕ್ರಿಸ್ಮಸ್ ರಾತ್ರಿ ಕೈಯಲ್ಲಿ ಸೂಡಿ ಹಚ್ಚಿಕೊಂಡು ನಾಲ್ಕು ಐದು ಮೈಲಿ ನಡೆದು ಬಂದವರಿಂದ ಈ ದೇವಾಲಯ ನಿಂತಿತು. ಕೊಂಕಣಿಯವರು, ಮಲಯಾಳಿಗಳು, ತಮಿಳರು, ಕನ್ನಡಿಗರು ದಾರಿಯಲ್ಲಿ ಕೂಡಿಕೊಂಡು ಬರುವಾಗಲೇ ಒಬ್ಬರ ಭಾಷೆಯನ್ನು ಒಬ್ಬರು ಕಲಿತರು.

ಈಗ ಹಾಗೆ ನಡೆಯಿರಿ ಎಂದು ನಾವು ಹೇಳಲಾರೆವು. ಕಾಡಾನೆ ಇದೆ. ಮುಂಜಾನೆ ಪೂಜೆಗೆ ಬರುವವರು ಮೊದಲು ಫೋನಿನಲ್ಲಿ ಆನೆ ಎಲ್ಲಿದೆಯೆಂಬ ಸಂದೇಶ ನೋಡಬೇಕು, ಅನಂತರ ಚಪ್ಪಲಿ ಮೆಟ್ಟಬೇಕು. ಮಲ್ಲೇಶ್ವರದ ಯೋಜನೆ ಬರೆದವರಿಗೆ ಇಲಿಯ ಚಿಂತೆಯಿತ್ತು. ನಮಗೆ ಆನೆಯ ಚಿಂತೆ. ದುಬಾರೆಯ ಶಿಬಿರದ ಆನೆಗಳಾದರೋ ಈಗ ದಸರೆಗೆ ಮೈಸೂರಿಗೆ ಲಾರಿಯಲ್ಲಿ ಹೋಗುತ್ತವೆ. ನಡೆಯುವುದನ್ನು ಬಿಟ್ಟವರು ನಾವು ಮಾತ್ರವಲ್ಲ. ಆದರೆ ದುಬಾರೆಯ ಒಂದು ಗುಣ ನಮಗೆ ಪ್ರಿಯವಾದುದು. ಎಂತಹ ಬೆಲೆಬಾಳುವ ಕಾರಾದರೂ ಕಾವೇರಿಯ ಈಚೆ ದಡದಲ್ಲಿ ನಿಲ್ಲಲೇಬೇಕು. ದೋಣಿ ಇಳಿದ ಮೇಲೆ ಬಡವನಿಗೂ ಬಲ್ಲಿದನಿಗೂ ಕಾಲೇ ಗತಿ. ಶಿಬಿರದ ಮಾವುತರೂ ಪ್ರವಾಸಿಗರೂ ಅಲ್ಲಿ ಒಂದೇ ವೇಗದಲ್ಲಿ ಚಲಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದುದನ್ನೂ 2019ರ ಆಗಸ್ಟಿನಲ್ಲಿ ನೆಲ್ಲಿಹುದಿಕೇರಿ, ಕರಡಿಗೋಡುಗಳಲ್ಲಿ ಹೊಳೆ ಮನೆಗಳೊಳಗೆ ನುಗ್ಗಿದುದನ್ನೂ ನಿಮಗೆ ನೆನಪಿಸಬೇಕಾಗಿಲ್ಲ. ಆಗ ಮೊದಲು ಬಂದು ಬಾಗಿಲು ಬಡಿದವರು ಯಾರು? ನಡೆದು ಬರುವಷ್ಟು ಹತ್ತಿರವಿದ್ದವರು. ಮನೆ ಕಳೆದುಕೊಂಡವರಿಗಾಗಿ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಬಡಾವಣೆಗಳು ಎದ್ದವು. ಮಲ್ಲೇಶ್ವರವು ಪ್ಲೇಗಿನಿಂದ ಬೆಳೆದಂತೆ ಇವೂ ವಿಪತ್ತಿನಿಂದ ಹುಟ್ಟಿದವು. ಗೋಡೆ, ಸೂರು, ವಿದ್ಯುತ್ತು ದೊರೆತಮೇಲೆ ಕೆಲಸ ಮುಗಿಯಿತೆಂದು ನಾವೆಲ್ಲ ಭಾವಿಸುತ್ತೇವೆ. ಅಂತಹ ಬಡಾವಣೆಯಲ್ಲಿ ಸಂಜೆ ಕುಳಿತುಕೊಳ್ಳಲು ಒಂದು ಕಟ್ಟೆ ಎಲ್ಲಿ, ಹಾಲಿನ ಅಂಗಡಿ ಎಷ್ಟು ಹೆಜ್ಜೆ, ನರ್ಸು ಎಷ್ಟು ದೂರ, ಮಕ್ಕಳು ರಸ್ತೆ ದಾಟದೆ ಆಡುವ ಜಾಗ ಯಾವುದು ಎಂದು ಕೇಳುವವರಿಲ್ಲದಿದ್ದರೆ ಅದು ಮನೆಗಳ ಸಾಲಾಗಿಯೇ ಉಳಿಯುತ್ತದೆ. ನಮ್ಮ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅಕ್ಕಿ ಹಂಚಲು ಹೋದಾಗ ಈ ಪ್ರಶ್ನೆಗಳನ್ನೂ ಕೇಳಿಕೊಂಡು ಬರಲಿ ಎಂದು ಅಪೇಕ್ಷಿಸುತ್ತೇವೆ. ಒಂದು ಕಲ್ಲಿನ ಬೆಂಚಿಗೆ ಎಷ್ಟು ಖರ್ಚಾದೀತು?

ಇಷ್ಟು ಹೊತ್ತು ಪರರ ಊರನ್ನು ಅಳೆದೆವು. ಇನ್ನು ನಮ್ಮ ಅಂಗಳದ ಒಂದು ವಿಷಯ ಹೇಳಬೇಕು. ಅದಕ್ಕಾಗಿಯೇ ಈ ಸಭೆಯಲ್ಲಿ ಮಾತನಾಡಲು ಒಪ್ಪಿದೆವು.

ಶತಮಾನೋತ್ಸವದ ಸಿದ್ಧತೆ ಮೊದಲಾದಾಗ ಕಾರುಗಳಿಗೆ ಜಾಗ ಸಾಲದೆಂಬ ದೂರು ಬಂತು. ದೂರು ನಿಜವಾದುದೇ. ಸಮಾಧಿ ಭೂಮಿಯ ಬದಿಯ ನೆಲವನ್ನು ಸಮಮಾಡಿ, ದನಕರುಗಳು ಬಾರದಂತೆ ಕಲ್ಲಿನ ಗೋಡೆ ಎತ್ತಿದೆವು. ನಕ್ಷೆಗೆ ಸಹಿ ಹಾಕಿದವರು ನಾವೇ; ಸಮಿತಿಯ ಮೇಲೆ ಇದನ್ನು ಹೊರಿಸುವುದಿಲ್ಲ. ಲೈನುಮನೆಗಳ ಕಡೆಯಿಂದ ಸಮಾಧಿಗಳ ಪಕ್ಕದಲ್ಲಿ ಹಾದು ಗುಡಿಯ ಹಿಂಬಾಗಿಲಿಗೆ ಬರುವ ಕಾಲುದಾರಿಯೊಂದು ಅಲ್ಲಿತ್ತು. ನಕ್ಷೆಯಲ್ಲಿ ಅದನ್ನು ಗುರುತಿಸಿರಲಿಲ್ಲ. ಕಾಲುದಾರಿಗಳು ನಕ್ಷೆಯಲ್ಲಿ ಇರುವುದಿಲ್ಲ. ಗೋಡೆ ಅದನ್ನು ಮುಚ್ಚಿತು.

ನಲವತ್ತು ವರ್ಷ ಆ ದಾರಿಯಲ್ಲಿ ಮುಂಜಾನೆಯ ಪೂಜೆಗೆ ಬರುತ್ತಿದ್ದ ತಾಯಿಯೊಬ್ಬರು ಬರುವುದು ಕಡಿಮೆಯಾಯಿತು. ಭಾನುವಾರ ಮಾತ್ರ ಮೊಮ್ಮಗನ ಬೈಕಿನಲ್ಲಿ ಬಂದರು. ಆಮೇಲೆ ಅದೂ ನಿಂತಿತು. ವಯಸ್ಸಾಯಿತೆಂದು ನಾವು ಭಾವಿಸಿ ಮೊದಲ ಶುಕ್ರವಾರ ಅವರ ಮನೆಗೇ ಪರಮಪ್ರಸಾದ ಒಯ್ದೆವು. ಕಾಲುನೋವೇ ಅಮ್ಮ ಎಂದು ಕೇಳಿದೆವು. "ಕಾಲು ಚೆನ್ನಾಗಿಯೇ ಇದೆ ಸ್ವಾಮಿ, ದಾರಿ ಇಲ್ಲ" ಎಂದರು. ಡಾಂಬರು ರಸ್ತೆಯಲ್ಲಿ ಸುತ್ತಿ ಬರಬೇಕಾದರೆ ಒಂದು ಮೈಲಿಗೂ ಹೆಚ್ಚು. ಮರದ ಲಾರಿಗಳೂ ದುಬಾರೆಗೆ ಹೋಗುವ ಪ್ರವಾಸಿಗರ ಕಾರುಗಳೂ ಅಲ್ಲಿ ಯಾರಿಗಾಗಿಯೂ ನಿಧಾನಿಸುವುದಿಲ್ಲ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಮಳೆ ಹೆಚ್ಚು ಎನ್ನುವಂತೆ ಹೇಳಿದರು. ಬೆಂಗಳೂರಿನ ಕಾವಲುಗಾರನು ನಮ್ಮನ್ನು ಹೆಬ್ಬಾಗಿಲಲ್ಲಿ ತಡೆದುದಕ್ಕೆ ಎಷ್ಟು ಸಿಡುಕಿದ್ದೆವೋ, ಅದೇ ಕೆಲಸವನ್ನು ನಾವು ನಮ್ಮ ದೇವಾಲಯದ ಹಿಂದೆ ಕಲ್ಲು ಸಿಮೆಂಟಿನಿಂದ ಮಾಡಿದ್ದೆವು. ವಿಚಾರಣಾ ಗುರುಗಳೆಂದು ಕರೆಸಿಕೊಳ್ಳುವ ನಾವು ಆ ತಾಯಿಯನ್ನು ವಿಚಾರಿಸಲು ಒಂದೂವರೆ ವರ್ಷ ಬೇಕಾಯಿತು. ಕಳೆದ ಮಳೆಗಾಲದಲ್ಲಿ ಅವರು ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಗ ದಾರಿ ತೆರೆದರೂ ಅವರು ನಡೆದು ಬರಲಾರರು. ಇದನ್ನು ನಾವು ಅವರ ಮುಂದೆ ಒಪ್ಪಿಕೊಂಡಿದ್ದೇವೆ. ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತಿದ್ದೇವೆ.

ಆ ಲೈನುಗಳಲ್ಲಿ ಇನ್ನೂ ಹನ್ನೆರಡು ಕುಟುಂಬಗಳಿವೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮ ಶಾಲೆಗೆ ಅದೇ ಡಾಂಬರು ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಾರೆ. ಸಮಿತಿಯವರೊಡನೆ ಮಾತನಾಡಿದ್ದೇವೆ, ಅವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಸೋಮವಾರ ಮೇಸ್ತ್ರಿ ಬಂದು ಹಳೆಯ ಕಾಲುದಾರಿ ಇದ್ದಲ್ಲಿಯೇ ಗೋಡೆಯನ್ನು ಮೂರೂವರೆ ಅಡಿ ಒಡೆಯುತ್ತಾರೆ. ಅದರಿಂದ ನಾಲ್ಕು ಕಾರುಗಳ ಜಾಗ ಹೋಗುತ್ತದೆ; ಕಾರುಳ್ಳವರು ಕ್ಷಮಿಸಬೇಕು, ಶಾಲೆಯ ಮೈದಾನದಲ್ಲಿ ನಿಲ್ಲಿಸಿ ನಡೆದು ಬರಬೇಕು. ಹಂದಿ ನುಗ್ಗದಂತೆ ಕಬ್ಬಿಣದ ಚಿಕ್ಕ ಗೇಟು ಇರುತ್ತದೆ. ಬೆಳಗಿನ ಪೂಜೆಗೆ ಅರ್ಧ ಗಂಟೆ ಮುಂಚೆ ಅದನ್ನು ತೆರೆಯುತ್ತೇವೆ, ಆನೆಯ ಸಲುವಾಗಿ ಸಂಜೆ ಆರಕ್ಕೆ ಮುಚ್ಚುತ್ತೇವೆ. ಬೀಗದ ಕೈ ಎರಡು: ಒಂದು ಕಾನ್ವೆಂಟಿನಲ್ಲಿರುತ್ತದೆ, ಇನ್ನೊಂದನ್ನು ಆ ತಾಯಿಯ ಮನೆಯಲ್ಲಿ ಇರಿಸಲು ಅವರ ಮೊಮ್ಮಗನು ಒಪ್ಪಿದ್ದಾನೆ.